ಗಾಯಕ್ಕೆ ಅಂಟದ ಪಟ್ಟಿ: ನನ್ನ ಅನುಭವ

ಸೈಕಲ್ಲಿಂದ ಬಿದ್ದು ಮೊಣಕಾಲ ಕೆಳಗೆ ಅಂಗೈಯಗಲ ಚರ್ಮ ಕಿತ್ತುಹೋಗಿತ್ತು. ಮೊದಲ ನಾಲ್ಕು ದಿನ ಒಣ ಗಾಜ್ ಬಟ್ಟೆ ಸುತ್ತಿದ್ದೆ. ಬಿಚ್ಚುವಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಆಗಷ್ಟೇ ಕೂಡಿಕೊಂಡ ಎಳೆ ಚರ್ಮವೂ ಬಟ್ಟೆಯ ಜೊತೆ ಎದ್ದು ಬಂದು ಮತ್ತೆ ರಕ್ತ. ಐದನೇ ದಿನ ಸುತ್ತಲೂ ಕೆಂಪಾಗಿ, ಬಿಸಿಯಾಗಿ, ಕೀವು ಕಾಣಿಸಿತು. ಡಾಕ್ಟರು ಗಾಯ ತೊಳೆದು, ಆಂಟಿಬಯೋಟಿಕ್ ಬಿಡುವ ಜೆಲ್ ಪಟ್ಟಿ ಬರೆದುಕೊಟ್ಟರು.

ಪಟ್ಟಿ ತಿಳಿಯಾಗಿದೆ, ಒಳಗಿನ ಗಾಯ ಕಾಣುತ್ತದೆ. ಅದರಲ್ಲಿ ಬಹುಪಾಲು ಬರೀ ನೀರು. ಪಾಲಿಮರ್ ಎಳೆಗಳ ಬಲೆಯೊಂದು ಆ ನೀರನ್ನೂ ಔಷಧಿಯನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಗಾಯಕ್ಕೆ ತಾಗಿದ ಮೇಲೆ ಔಷಧಿ ಜಿನುಗುತ್ತದೆ. ಶುರುವಿಗೆ ಜಾಸ್ತಿ, ಆಮೇಲೆ ನಿಧಾನ. ಬೇಕಾದ ಜಾಗದಲ್ಲೇ ಔಷಧಿ, ಮೈಗೆಲ್ಲ ಹರಡುವುದು ಕಡಿಮೆ. ಹಾಕಿದ ಕೂಡಲೇ ತಂಪು, ಉರಿ ಇಳಿಯಿತು. ಮಾರನೇ ದಿನ ತೆಗೆದರೆ ಸುಮ್ನೆ ಜಾರಿ ಬಂತು. ನೋವೇ ಇಲ್ಲ! ನನಗೆ ಇದೊಂದಕ್ಕೇ ದುಡ್ಡು ಸಾರ್ಥಕ.

ಗಾಯ ಒಣಗಬೇಕು, ಗಾಳಿಯಾಡಬೇಕು ಅಂತ ಕೇಳಿ ಬೆಳೆದವನು ನಾನು. ಆದರೆ 1962ರಲ್ಲೇ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಗಾಯಗಳನ್ನು ಹೋಲಿಸಿ ನೋಡಿದ್ದರು. ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹರಡಿತ್ತು. ಹಕ್ಕಳೆ ಕಟ್ಟಿದರೆ ಹೊಸ ಜೀವಕೋಶಗಳು ಅದರಡಿ ದಾರಿ ಕೊರೆದುಕೊಂಡು ಹೋಗಬೇಕು, ಪಾಪ.

ಈಗ ದೂರು. ಪಟ್ಟಿ ತಾನಾಗಿ ನಿಲ್ಲುವುದಿಲ್ಲ. ಮೇಲೊಂದು ಬ್ಯಾಂಡೇಜ್ ಬೇಕೇ ಬೇಕು, ಆದರೂ ರಾತ್ರಿ ಜಾರುತ್ತದೆ. ಮೊದಲ ಸಲ ಗಾಯಕ್ಕಿಂತ ದೊಡ್ಡದಾಗಿ ಕತ್ತರಿಸಿ ಹಾಕಿದ್ದೆ. ಸುತ್ತಲಿನ ಒಳ್ಳೆಯ ಚರ್ಮ ಬಹಳ ಹೊತ್ತು ಬಟ್ಟೆ ಒಗೆದ ಬೆರಳಿನ ಹಾಗೆ ಬೆಳ್ಳಗೆ ನೆನೆದುಹೋಯಿತು. ತಪ್ಪು ನನ್ನದೇ, ಆದರೆ ಪೊಟ್ಟಣದ ಮೇಲೆ ಇದನ್ನು ದಪ್ಪಕ್ಷರದಲ್ಲಿ ಹಾಕಬಹುದಿತ್ತಲ್ವಾ? ರಸ ತುಂಬಾ ಸುರಿಯುವ ಗಾಯಕ್ಕಂತೂ ಇದು ಬೇಡ, ಅಷ್ಟನ್ನು ಹೀರುವ ತಾಕತ್ತು ಇದಕ್ಕಿಲ್ಲ.

ಕೆಂಪು ಇಳಿದ ಮೇಲೆ ಡಾಕ್ಟರು ಔಷಧಿ ಇಲ್ಲದ ಸಾದಾ ಜೆಲ್ ಪಟ್ಟಿಗೆ ಬದಲಾಯಿಸಿದರು. ಗಾಯ ಅಷ್ಟೇ ಚೆನ್ನಾಗಿ ಮಾಯುತ್ತಾ ಹೋಯಿತು! ಆಗ ಅರ್ಥವಾಯಿತು, ಆಂಟಿಬಯೋಟಿಕ್ ಕೆಲಸ ಸೋಂಕು ಇಳಿಸುವವರೆಗೆ ಮಾತ್ರ. ಸುಮ್ಮಸುಮ್ಮನೆ ಬಳಸಿದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದು ಬೆಳೆಯುತ್ತವೆ. ನಿಯೋಮೈಸಿನ್‌ನಂಥ ಆಂಟಿಬಯೋಟಿಕ್‌ಗಳು ಕೆಲವರ ಚರ್ಮಕ್ಕೆ ಅಲರ್ಜಿಯನ್ನೂ ತರುತ್ತವೆ. ಹಾಗಾಗಿ ಔಷಧಿ ಪಟ್ಟಿಗೆ ಐದಕ್ಕೆ ನಾಲ್ಕು, ಸಾದಾ ಪಟ್ಟಿಗೆ ನಾಲ್ಕೂವರೆ.

ಔಷಧಿ ಪಟ್ಟಿ ಇನ್ನೂ ಎರಡು ಉಳಿದಿವೆ. ಮೊನ್ನೆ ತಮ್ಮ ಇಸ್ತ್ರಿ ಪೆಟ್ಟಿಗೆಗೆ ಕೈ ತಾಗಿಸಿಕೊಂಡು, ‘ನಿನ್ನ ಜೆಲ್ ಕೊಡೋ’ ಅಂದ. ಕೊಡಲಿಲ್ಲ. 20 ನಿಮಿಷ ನಲ್ಲಿ ನೀರಿಗೆ ಹಿಡಿದು ನಿಲ್ಲಿಸಿದೆ.