ಬಾಬ್ಸ್ ಬಿಗ್ ಬಾಯ್, ಬರ್ಬ್ಯಾಂಕ್: ಶೇಕ್ ಕುಡಿಯುತ್ತಾ ಕೇಳಿ, ಮಾರಿಹೋದ ಕಾರುಗಳ ಕಥೆ

ಲಾಸ್ ಏಂಜಲೀಸ್‌ಗೆ ಬರುವ ನಮ್ಮವರು ಹಾಲಿವುಡ್, ಡಿಸ್ನಿಲ್ಯಾಂಡ್ ಸುತ್ತಿ ವಾಪಸ್ ಹೋಗುತ್ತಾರೆ. ಕಾರಿನ ಹುಚ್ಚಿದ್ದರೆ ಒಂದು ಶುಕ್ರವಾರ ಸಂಜೆ ಖಾಲಿ ಇಟ್ಟುಕೊಂಡು ಬರ್ಬ್ಯಾಂಕಿನ ರಿವರ್‌ಸೈಡ್ ಡ್ರೈವ್‌ನಲ್ಲಿರುವ ಬಾಬ್ಸ್ ಬಿಗ್ ಬಾಯ್ ಹೋಟೆಲಿಗೆ ಹೋಗಿ. 1949ರ ಕಟ್ಟಡ, ದೂರದಿಂದಲೇ ಕಾಣುವ ನಿಯಾನ್ ಬೋರ್ಡು, ಜೊತೆಗೆ ಚೌಕಳಿ ಬಟ್ಟೆ ಹಾಕಿದ ಡುಮ್ಮ ಹುಡುಗನ ಗೊಂಬೆ.

ಮೊದಲು ತಿಂಡಿ ವಿಚಾರ ಮುಗಿಸೋಣ. ಇಲ್ಲಿ ಹೆಸರುವಾಸಿ ಎರಡು ಪದರದ ಬರ್ಗರ್. ನಾನು ದನದ ಮಾಂಸ ತಿನ್ನಲ್ಲ, ಗೆಳೆಯ ತಿಂದ, ಅರ್ಧ ಗಂಟೆ ಮಾತೇ ಆಡಲಿಲ್ಲ. ನಾನು ಫ್ರೈಸ್, ಈರುಳ್ಳಿ ರಿಂಗ್ಸ್, ಚಾಕೊಲೇಟ್ ಶೇಕ್‌ನಲ್ಲೇ ಹೊಟ್ಟೆ ತುಂಬಿಸಿದೆ. ಶೇಕ್ ಗಟ್ಟಿಯಾಗಿರುತ್ತದೆ, ಸ್ಟ್ರಾ ಹಾಕಿದರೆ ಹಾಗೇ ನಿಲ್ಲುತ್ತದೆ. ಶನಿವಾರ, ಭಾನುವಾರ ಸಂಜೆ ಹೋದರೆ ಹಳೇ ಕಾಲದ ಹಾಗೆ ಕಾರಿನ ಹತ್ತಿರಕ್ಕೇ ತಟ್ಟೆ ತಂದುಕೊಡುತ್ತಾರೆ.

ಆದರೆ ಶುಕ್ರವಾರದ ಮಜಾ ಇರುವುದು ಹಿಂದಿನ ಪಾರ್ಕಿಂಗ್ ಜಾಗದಲ್ಲಿ. ಸಾಲಾಗಿ ಹಾಟ್ ರಾಡ್‌ಗಳು, ಅಂದರೆ ಜೋರಾಗಿ ಓಡಲಿ ಅಂತ ಬದಲಾಯಿಸಿಕೊಂಡ ಹಳೇ ಕಾರುಗಳು, ಒಂದೊಂದರ ಪಕ್ಕವೂ ಮಡಚುವ ಕುರ್ಚಿ ಹಾಕಿಕೊಂಡು ಕೂತ ಅಜ್ಜಂದಿರು. 1932ರಲ್ಲಿ ಫೋರ್ಡ್ ಅಗ್ಗದ ಕಾರಿಗೆ ವಿ8 ಅನ್ನುವ ಎಂಟು ಸಿಲಿಂಡರಿನ ಇಂಜಿನ್ ಹಾಕಿತಲ್ಲ, 65 ಕುದುರೆ ಶಕ್ತಿಯದ್ದು, ಈ ಹುಚ್ಚು ಜೋರಾಗಿದ್ದು ಅದರಿಂದಲೇ. ಕೆಲವೇ ವರ್ಷದಲ್ಲಿ ಅವು ಸೆಕೆಂಡ್ ಹ್ಯಾಂಡ್ ಆಗಿ ಹುಡುಗರ ಕೈಗೆ ಸಿಕ್ಕವು. ಮಡ್‌ಗಾರ್ಡ್ ಕಿತ್ತು, ತೂಕ ಇಳಿಸಿ, ಮುರಾಕ್, ಎಲ್ ಮಿರಾಜ್ ಅಂತ ಒಣಗಿದ ಕೆರೆಯಂಥ ಬಯಲಿನಲ್ಲಿ ಓಡಿಸಿದರು.

ಒಬ್ಬ ಅಜ್ಜನ ಹತ್ತಿರ ಕೆಂಪು ಬಣ್ಣದ, 1932ರ ಎರಡು ಬಾಗಿಲಿನ ಕೂಪೆ ಕಾರು ಇತ್ತು, ಮಾಡು ಹೊತ್ತ ಕಂಬಗಳನ್ನು ಕೆಲವು ಇಂಚು ಕತ್ತರಿಸಿ ಮಾಡು ಕೆಳಗಿಳಿಸಿ ಮತ್ತೆ ಬೆಸುಗೆ ಹಾಕಿದ್ದು, ಇದಕ್ಕೆ ಇವರು ಚಾಪ್ ಅನ್ನುತ್ತಾರೆ, ಮಾಡಿದ ಕೈ ಪಳಗಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ನಾನು ಅದರ ಬಗ್ಗೆ ಕೇಳಿದರೆ ಅವರು ಬೇರೇನೋ ಶುರು ಮಾಡಿದರು. ಹದಿನಾರನೇ ವಯಸ್ಸಲ್ಲಿ ಪೇಪರ್ ಹಾಕಿ ಉಳಿಸಿದ ದುಡ್ಡಲ್ಲಿ ತಂದ 1940ರ ಫೋರ್ಡ್, ಇಂಜಿನ್ ಸೀಜ್ ಆಗಿತ್ತಂತೆ, ಗುಜರಿಯಿಂದ ಓಲ್ಡ್ಸ್‌ಮೊಬೈಲ್ ವಿ8 ತಂದು ಕೂರಿಸಿದ್ದು, ಅಪ್ಪ ಮೂರು ದಿನ ಮಾತು ಬಿಟ್ಟಿದ್ದು. ಮೊದಲ ಮಗು ಹುಟ್ಟಿದಾಗ ಮಾರಿದರಂತೆ. ಪಕ್ಕದವರದ್ದೂ ಇದೇ ಕಥೆ, ಅವರ ಪಕ್ಕದವರದ್ದೂ. ಮುಂದೆ ನಿಂತಿರುವ ಹೊಳೆಯುವ ಕಾರು ಯಾರಿಗೂ ಬೇಡ, ಎಲ್ಲರ ಬಾಯಲ್ಲೂ ಮಾರಿಹೋದ ಮೊದಲನೆಯದೇ.

ತಮಾಷೆ ಅಂದರೆ ಈ ಹೋಟೆಲೂ ಹಾಗೇ ಹುಟ್ಟಿದ್ದು. ಬಾಬ್ ವಿಯಾನ್ 1936ರಲ್ಲಿ ತನ್ನ ಡಿಸೋಟೊ ರೋಡ್‌ಸ್ಟರ್ ಕಾರು ಮಾರಿ, ಪಕ್ಕದ ಗ್ಲೆಂಡೇಲ್‌ನಲ್ಲಿ ಹತ್ತು ಸ್ಟೂಲಿನ ಪುಟ್ಟ ಅಂಗಡಿ ಕೊಂಡಿದ್ದ.

"ನಿನ್ನ ಮೊದಲನೆಯದು ಯಾವುದು?" ಅಂತ ಅಜ್ಜ ಕೇಳಿದರು. ಮಾರುತಿ 800, ಹಾಸನದ್ದು ಅಂದೆ. ತಗ್ಗಾಗಿ ಕಾಣಲಿ ಅಂತ ಒಬ್ಬ ಮೆಕ್ಯಾನಿಕ್ ಹತ್ತಿರ ಸ್ಪ್ರಿಂಗ್ ಕತ್ತರಿಸಿದ್ದೆ. ಅವನು ಎಡಕ್ಕಿಂತ ಬಲಗಡೆ ಜಾಸ್ತಿ ಕತ್ತರಿಸಿಬಿಟ್ಟಿದ್ದ, ಗಾಡಿ ಬಾಗಿಕೊಂಡೇ ಓಡುತ್ತಿತ್ತು, ಪ್ರತಿ ಹಂಪ್‌ನಲ್ಲೂ ಹೊಟ್ಟೆ ಉಜ್ಜುತ್ತಿತ್ತು. ಮೂರು ಸಿಲಿಂಡರ್, 796 ಸಿಸಿ ಅಂದಾಗ ಅಜ್ಜ ನಗಲಿಲ್ಲ, ಆಶ್ಚರ್ಯ ಅಲ್ವಾ! ಎಷ್ಟು ಇಂಚು ಕತ್ತರಿಸಿದ್ದು ಅಂತ ಮಾತ್ರ ಕೇಳಿದರು.

ಹೋಗುವವರು ಕತ್ತಲಾಗುವ ಮುಂಚೆಯೇ ಹೋಗಿ. ನಾವು ತಡವಾಗಿ ಹೋಗಿ ನಾಲ್ಕು ಬೀದಿ ಆಚೆ ಗಾಡಿ ನಿಲ್ಲಿಸಿದ್ದೆವು. ಕಾರುಗಳನ್ನು ಸುಮ್ನೆ ಮುಟ್ಟಬೇಡಿ, ಕೇಳಿದರೆ ಬಾನೆಟ್ ಅವರೇ ಎತ್ತಿ ತೋರಿಸುತ್ತಾರೆ.