ಐಕ್ಯಾನ್ ಲುಕಪ್: ಹೋಮ್‌ಸ್ಟೇಯವರಿಗೂ ಪರದೆ, ಮೋಸಗಾರನಿಗೂ ಪರದೆ

ಚಿಕ್ಕಮಗಳೂರಿನ ಹೋಮ್‌ಸ್ಟೇಗೆ ಮುಂಗಡ ಹಾಕುವ ಮೊದಲು ಆ ವೆಬ್‌ಸೈಟ್ ಯಾರದ್ದೆಂದು ನೋಡಲು ಇರುವ ಬಿಟ್ಟಿ ಸಾಧನ ಐಕ್ಯಾನ್ ಲುಕಪ್. ಇಂಟರ್ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಜಾಗತಿಕ ಸಂಸ್ಥೆ ಐಕ್ಯಾನ್ ಇದನ್ನು ನಡೆಸುತ್ತದೆ. ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್ (lookup.icann.org) ತೆರೆದು ಸೈಟಿನ ಹೆಸರು ಹೊಡೆದರೆ ಸಾಕು, ಖಾತೆ ಬೇಕಿಲ್ಲ. ಆದರೆ ಮಾಲೀಕರ ಹೆಸರಿರಬೇಕಾದ ಜಾಗದಲ್ಲಿ ಹೆಚ್ಚಿನ ಪಾಲು ಖಾಸಗಿತನಕ್ಕಾಗಿ ಮುಚ್ಚಿದೆ ಎಂಬ ಸಾಲಷ್ಟೇ ಕಾಣುತ್ತದೆ.

2018ರ ಮೇ ತನಕ ಹೀಗಿರಲಿಲ್ಲ. ಡಾಟ್ ಕಾಮ್ ಕೊಂಡವರ ಮನೆ ವಿಳಾಸ, ಫೋನ್ ನಂಬರ್, ಇಮೇಲ್ ಎಲ್ಲ ಸಾಮಾನ್ಯವಾಗಿ ಹೂಈಸ್ ಎಂಬ ಸಾರ್ವಜನಿಕ ಮಾಲೀಕರ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಮಲ್ಲಂದೂರಿನ ತೋಟದ ಮನೆಯಲ್ಲಿ ಒಬ್ಬರೇ ಇದ್ದು ಹೋಮ್‌ಸ್ಟೇ ನಡೆಸುವ ಹೆಂಗಸಿಗೆ ಅದರ ತಾಪತ್ರಯ ಬಿಡಿಸಿ ಹೇಳಬೇಕಿಲ್ಲ. ಪರದೆ ಇಳಿಸಿದ್ದು ಯುರೋಪಿನ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾಯ್ದೆಯ ಭಯ, ಮಾನವ ಹಕ್ಕುಗಳನ್ನು ಗೌರವಿಸುತ್ತೇನೆಂದು ಐಕ್ಯಾನ್ ಕೊಟ್ಟ ಮಾತಲ್ಲ. ಆ ಮಾತು 2016ರ ಅಕ್ಟೋಬರ್‌ನಲ್ಲೇ ಅದರ ಬೈಲಾ, ಅಂದರೆ ಸಂಸ್ಥೆಯ ನಿಯಮಾವಳಿ, ಸೇರಿತ್ತು. ಅದಕ್ಕೆ ಹೇಗೆ ಅರ್ಥ ಹೇಳಬೇಕೆಂಬ ಚೌಕಟ್ಟನ್ನು ಐಕ್ಯಾನ್ ಮಂಡಳಿ ಒಪ್ಪಿದ್ದು 2019ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಅದು ಕಾಗದದ ಮೇಲಷ್ಟೇ. ಈಗಲೂ ಅನ್ವಯವಾಗುವ ಕಾನೂನು ಎಷ್ಟು ಕೇಳುತ್ತದೋ ಅಷ್ಟೇ ಐಕ್ಯಾನ್‌ನ ಬದ್ಧತೆ. ಬೇರೆಯವರಿಂದ ಹಕ್ಕು ಪಾಲನೆ ಮಾಡಿಸುವ ಹೊಣೆ ತನ್ನದಲ್ಲವೆಂದೂ ಅದೇ ಕಲಮಿನಲ್ಲಿ ಬರೆದುಕೊಂಡಿದೆ. ಜಾಣತನದ ಕಲಮು.

ಹೋಮ್‌ಸ್ಟೇಯವರು ಮೊದಲು ತಮ್ಮದೇ ಸೈಟಿನ ಹೆಸರು ಹಾಕಿ ನೋಡಬೇಕು. ರಾಜ್ಯ, ದೇಶ, ನೋಂದಣಿ ದಿನ, ಮುಗಿಯುವ ದಿನ, ಸೈಟಿನ ಹೆಸರು ಮಾರಿದ ರಿಜಿಸ್ಟ್ರಾರ್ ಕಂಪನಿ ಇಷ್ಟು ಕಂಡರೆ ಸರಿ. ಎಡವಟ್ಟಾಗುವುದು 'ಸಂಸ್ಥೆ' ಎಂಬ ಕಾಲಮಿನಲ್ಲಿ. ಅಲ್ಲಿ ಸ್ವಂತ ಹೆಸರು ತುಂಬಿ, ಪ್ರಕಟಿಸಲು ಒಪ್ಪಿಗೆಯ ಟಿಕ್ ಹಾಕಿದರೆ ಅದು ಎಲ್ಲರಿಗೂ ಕಾಣುತ್ತದೆ. ಹೋಮ್‌ಸ್ಟೇ ಹೆಸರನ್ನಷ್ಟೇ ಬರೆಯಿರಿ.

ಇನ್ನೊಂದು ಎಡವಟ್ಟು, ಸೈಟು ಮಾಡಿಕೊಟ್ಟ ಡಿಸೈನರ್ ತನ್ನದೇ ಇಮೇಲ್‌ನಲ್ಲಿ ನೋಂದಾಯಿಸಿರುವುದು. ಹೊಸ ನೋಂದಣಿಯಾದಾಗ ಆ ಇಮೇಲ್‌ಗೇ ಬರುವ ದೃಢೀಕರಣದ ಮೇಲ್‌ಗೆ 15 ದಿನದೊಳಗೆ ಉತ್ತರ ಹೋಗದಿದ್ದರೆ ರಿಜಿಸ್ಟ್ರಾರ್ ಕಂಪನಿ ಸೈಟಿನ ಹೆಸರನ್ನು ಅಮಾನತಿನಲ್ಲಿಡಬಹುದು. ಲುಕಪ್‌ನಲ್ಲಿ ಆಗ 'ಕ್ಲೈಂಟ್ ಹೋಲ್ಡ್' ಎಂದು ತೋರಿಸುತ್ತದೆ, ಸೈಟು ತೆರೆಯುವುದಿಲ್ಲ. ಪಕ್ಕದಲ್ಲೇ ಇರುವ 'ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್' ಕಂಡು ಗಾಬರಿ ಬೇಡ, ಅದು ಕಳವಾಗದಂತೆ ಹಾಕಿದ ಬೀಗ. ಸೈಟಿನ ಹೆಸರನ್ನು ಬೇರೆ ಕಂಪನಿಗೆ ಒಯ್ಯಲು ಬೇಕಾದ ಗುಟ್ಟಿನ ಸಂಕೇತ, ಆಥ್ ಕೋಡ್, ಕೇಳಿದರೆ ರಿಜಿಸ್ಟ್ರಾರ್ 5 ದಿನದೊಳಗೆ ಕೊಡಬೇಕೆಂಬ ನಿಯಮವಿದೆ. ಕೊಡದಿದ್ದರೆ ಐಕ್ಯಾನ್‌ನ ದೂರು ಫಾರಂ ತುಂಬಿ.

ಈಗ ಅತಿಥಿಗಳ ಕಡೆ. ಹತ್ತು ವರ್ಷದಿಂದ ನಡೆಸುತ್ತಿದ್ದೇವೆ ಎನ್ನುವ ಸೈಟಿನ ನೋಂದಣಿ ದಿನ ಮೂರು ವಾರದ ಹಿಂದಿನದಾಗಿದ್ದರೆ ಮುಂಗಡ ಹಾಕಬೇಡಿ. ಈ ಒಂದು ಸಾಲಿಗಾಗಿಯೇ ಈ ಸಾಧನ ಬಳಸಬಹುದು. ದುಡ್ಡು ಹೋಗಿಬಿಟ್ಟಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಲುಕಪ್ ಆಮೇಲೆ. ಅದರಲ್ಲಿ ಕಾಣುವ ರಿಜಿಸ್ಟ್ರಾರ್‌ನ ಅಬ್ಯೂಸ್ (ದುರ್ಬಳಕೆ ದೂರಿನ) ಇಮೇಲ್‌ಗೆ ಪುಟದ ಪೂರ್ತಿ ವಿಳಾಸ, ದಿನಾಂಕವಿರುವ ಸ್ಕ್ರೀನ್‌ಶಾಟ್, ಪಾವತಿ ವಿವರ ಕಳಿಸಿ. 2024ರ ಏಪ್ರಿಲ್ 5ರಿಂದ ಫಿಶಿಂಗ್ (ಬೇರೆಯವರ ಸೋಗಿನಲ್ಲಿ ವಿವರ ಕದಿಯುವುದು), ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಇಂಥ ದುರ್ಬಳಕೆಗೆ ಪುರಾವೆ ಸಿಕ್ಕರೆ ಅವರು ಕ್ರಮ ಕೈಗೊಳ್ಳಲೇಬೇಕು. ಇರುವ ಹೋಮ್‌ಸ್ಟೇಯ ನಕಲಿ ಸೈಟಾದರೆ ಫಿಶಿಂಗ್ ಎಂದೇ ಬರೆಯಿರಿ. ಬುಕಿಂಗ್ ಮಾಡಿ ಕೋಣೆ ಕೊಡದ ಜಗಳ ಮಾತ್ರ ಈ ಪಟ್ಟಿಗೆ ಬರುವುದಿಲ್ಲ, ಅದನ್ನು ವಾಪಸ್ ಅಟ್ಟುತ್ತಾರೆ.

ಪರದೆಯ ಹಿಂದಿನ ಹೆಸರು ಕೇಳಲು ಆರ್‌ಡಿಆರ್‌ಎಸ್ ಎಂಬ ಐಕ್ಯಾನ್‌ನದೇ ಇನ್ನೊಂದು ಸೇವೆ 2023ರ ನವೆಂಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಇದಕ್ಕೂ ಶುಲ್ಕವಿಲ್ಲ, ಆದರೆ ಸೇರಿಕೊಂಡಿರುವ ರಿಜಿಸ್ಟ್ರಾರ್‌ಗಳಿಗಷ್ಟೇ ಕೋರಿಕೆ ಹೋಗುತ್ತದೆ, ಕೊಡುವುದು ಬಿಡುವುದು ಅವರ ವಿವೇಚನೆ. ಪರದೆ ಸರಿಸುವ ಕೈ ಅದನ್ನು ಹಾಕಿದವರದ್ದೇ ಆದರೆ ಮೋಸಹೋದವರ ಹಕ್ಕು ಎಲ್ಲಿಗೆ ಬಂತು?

ಮಾರ್ಗದರ್ಶಿ ಪುಟಗಳು ವಿಶ್ವಸಂಸ್ಥೆಯ ಆರು ಭಾಷೆಗಳಲ್ಲಿ ಸಿಗಬಹುದು, ಕನ್ನಡದಲ್ಲಿಲ್ಲ. ಡಾಟ್ ಇನ್ ಹೆಸರುಗಳಿಗೆ ಮೇಲಿನ ನಿಯಮಗಳನ್ನು ಹಾಗೇ ಅಂಟಿಸಬೇಡಿ. ಅವು ಐಕ್ಯಾನ್ ಕರಾರಿನಡಿ ಬರುವುದಿಲ್ಲ, ಅವನ್ನು ನೋಡಿಕೊಳ್ಳುವ ಭಾರತದ ಸಂಸ್ಥೆ ನಿಕ್ಸಿಯದ್ದೇ ಬೇರೆ ನಿಯಮ. ಮಾಲೀಕರ ಬದಲು ಬೇರೆಯವರ ಹೆಸರು ತೋರಿಸಲು ಹಣ ಕೊಟ್ಟು ಕೊಳ್ಳುವ ಪ್ರಾಕ್ಸಿ ಮುಸುಕಿಗೂ ಅಲ್ಲಿ ಅವಕಾಶವಿಲ್ಲ.