ಕುಮಟಾದ ನಮ್ಮ ಹಂಚಿನ ಮನೆ ರಿಪೇರಿ ಮಾಡಿದವ್ರ ಬಗ್ಗೆ, ಮೂರು ಮಳೆಗಾಲ ನೋಡಿದ ಮೇಲೆ ಬರೆದ ರಿವ್ಯೂ

ಮೊದ್ಲೇ ಹೇಳ್ಬಿಡ್ತೇನೆ, ಐದಕ್ಕೆ ನಾಲ್ಕೂವರೆ. ಆ ಅರ್ಧ ಎಲ್ಲಿ ಹೋಯ್ತು ಅನ್ನೋದು ಮುಂದೆ ಬರ್ತದೆ. ಕುಮಟಾ ಹತ್ರ ನಮ್ಮ ಹಳೆ ಹಂಚಿನ ಮನೆಗೆ 2023ರಿಂದ ಬಂದು ಹೋಗಿ ಮಾಡ್ತಾ ಇರೋ ಐದು ಜನ ಕೆಲಸದವ್ರ ಬಗ್ಗೆ ಬರೀತಾ ಇದೇನೆ. ಹಂಚಿನ ಮೇಸ್ತ್ರಿ, ಆಚಾರಿ (ಬಡಗಿ), ಕರೆಂಟಿನವ್ರು, ಪ್ಲಂಬರ್, ಪೇಂಟರ್. ಹೆಸರು, ನಂಬರ್ ಹಾಕೋದಿಲ್ಲ, ದಯವಿಟ್ಟು ಕೇಳ್ಬೇಡಿ, ಅವರನ್ನ ಕೇಳದೆ ಎಲ್ಲರ ಮುಂದೆ ಇಡೋದು ನಂಗೆ ಸರಿ ಅನ್ಸೋದಿಲ್ಲ. ಆದ್ರೆ ಇಂಥವ್ರು ಒಬ್ಬರಿಂದ ಒಬ್ಬರು ಹೆಂಗೆ ಸಿಕ್ಕಿದ್ರು ಅನ್ನೋದು ನಿಮ್ಮೂರಲ್ಲೂ ಉಪಯೋಗಕ್ಕೆ ಬರ್ತದೆ.

2022ರ ಜೂನ್ ಕೊನೇ ವಾರ ನಮ್ಮ ನಡುಮನೆಯಲ್ಲಿ ನಾಲ್ಕು ಬಾಲ್ದಿ, ಎರಡು ಬೋಗುಣಿ, ದೇವರ ಕೋಣೆ ಮೂಲೆಗೆ ಒಂದು ಅಗಲ ಪಾತ್ರೆ. ರಾತ್ರಿ ಎರಡು ಸಲ ಎದ್ದು ಬಾಲ್ದಿ ಖಾಲಿ ಮಾಡ್ಬೇಕು. ಬೇಜಾರು ಎಂತದಂದ್ರೆ ಅದೇ ಮೇ ತಿಂಗಳಲ್ಲಿ ನಾವು ಮಾಡು, ಅಂದ್ರೆ ಚಾವಣಿ, ರಿಪೇರಿ ಮಾಡ್ಸಿದ್ವಿ. ಒಬ್ಬ ಗುತ್ತಿಗೆದಾರರು, ಎಲ್ಲಾ ಕೆಲಸ ನಾವೇ ನೋಡ್ಕೊಳ್ತೇವೆ ನೀವು ಆರಾಮಾಗಿರಿ ಅಂತ ಹೇಳಿ 40,000 ಅಡ್ವಾನ್ಸ್ ತಗೊಂಡು, ಹಂಚಿನ ಸಂದಿಗೆಲ್ಲ ಸಿಮೆಂಟ್ ಮೆತ್ತಿ ಹೋಗಿದ್ರು. ಹಂಚಿಗೆ ಸಿಮೆಂಟ್ ಮೆತ್ತಿದ್ರೆ ಏನಾಗ್ತದೆ ಅಂತ ನಂಗೆ ಆಗ ಗೊತ್ತಿರ್ಲಿಲ್ಲ. ಬಿಸಿಲಿಗೆ ಅದು ಬಿರಿತದೆ, ಬಿರಿದಲ್ಲಿ ನೀರು ಕುಡೀತದೆ, ಹಂಚಿನ ಮೇಲೆ ಹರಿದು ಹೋಗ್ಬೇಕಾದ ನೀರು ಅಲ್ಲೇ ನಿಂತು ಒಳಗೆ ಜಿನುಗ್ತದೆ. ಮೊದ್ಲು ಎರಡು ಕಡೆ ಸೋರ್ತಿದ್ದ ಮನೆ ಏಳು ಕಡೆ ಸೋರಿತು. ಫೋನ್ ಮಾಡಿದ್ರೆ ನಾಳೆ, ನಾಡಿದ್ದು, ಆಮೇಲೆ ಎತ್ತೋದೇ ಬಿಟ್ರು. ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲಕ್ಕೆ ಮೂರು ಸಾವಿರ ಮಿಲಿಮೀಟರ್ ಹತ್ರ ಮಳೆ ಬೀಳ್ತದೆ, ಅಷ್ಟು ನೀರಿನ ಕೆಳಗೆ ಹಂಗೇ ಕೂತು ಆ ವರ್ಷ ಕಳೆದ್ವಿ. ನಮ್ಮತ್ತೆ ಒಂದು ಮಾತೂ ಆಡ್ಲಿಲ್ಲ, ಅವರು ಮಂಚ ಜರುಗಿಸ್ಕೊಂಡು ಮಲಗ್ತಿದ್ದನ್ನ ನೋಡಿ ನಂಗೆ ಇನ್ನೂ ಸಂಕಟ ಆಗ್ತಿತ್ತು.

ಬೆಂಗಳೂರಲ್ಲಿರೋ ಮಗಳು ಆ್ಯಪಲ್ಲಿ ಬುಕ್ ಮಾಡಿದ್ರೆ ನಲ್ಲಿ ರಿಪೇರಿಯವ್ರು ಮನೆಗೆ ಬರ್ತಾರಂತೆ. ನಮ್ಮಲ್ಲಿ ಹಂಗೆ ಆಗೋದಿಲ್ಲ, ಇಲ್ಲಿ ಕೇಳ್ಕೊಂಡೇ ಹೋಗ್ಬೇಕು. ಮರುವರ್ಷ ಫೆಬ್ರವರಿಯಲ್ಲಿ ನಾನು ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಹೋಗಿ ನಿಂತೆ. ಯಾರು ಒಳ್ಳೆ ಕೆಲಸದವ್ರು ಅಂತ ಕೇಳಿದ್ರೆ ಅಂಗಡಿಯವ್ರು ತಮ್ಮಲ್ಲಿ ಜಾಸ್ತಿ ಸಾಮಾನು ತಗೊಳ್ಳೋರ ಹೆಸರೇ ಹೇಳ್ತಾರೆ, ಅದು ಸಹಜ. ಅದಕ್ಕೆ ನಾನು ಬೇರೆ ಥರ ಕೇಳ್ದೆ. "ಕೆಲಸ ಮುಗಿದ ಮೇಲೆ ಉಳಿದ ಮೊಳೆ, ಪೈಪು, ಬಣ್ಣದ ಡಬ್ಬಿ ಮನೆಯವ್ರ ಲೆಕ್ಕಕ್ಕೆ ವಾಪಸ್ ತಂದು ಕೊಡೋರು ಯಾರಿದಾರೆ?" ಅಂಗಡಿ ಭಟ್ರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಒಂದೇ ಒಂದು ಹೆಸರು ಹೇಳಿದ್ರು. ಅದೇ ನಮ್ಮ ಹಂಚಿನ ಮೇಸ್ತ್ರಿ.

ಮೇಸ್ತ್ರಿಗೆ ಅರವತ್ತರ ಮೇಲಾಗಿದೆ. ಬಂದವ್ರು ಏಣಿ ಕೇಳ್ಲಿಲ್ಲ. ಒಳಗೆ ಬಂದು, "ಅಕ್ಕೋರೆ, ಬಾಗಿಲು ಕಿಟಕಿ ಎಲ್ಲಾ ಹಾಕಿ, ಲೈಟ್ ಆರ್ಸಿ" ಅಂದ್ರು. ಕತ್ತಲೆಯಲ್ಲಿ ನಡುಮನೆ ಮಧ್ಯ ನಿಂತು ಮೇಲೆ ನೋಡಿದ್ರೆ ಎಲ್ಲೆಲ್ಲಿ ಬೆಳಕು ಚುಕ್ಕಿ ಚುಕ್ಕಿ ಕಾಣ್ತದೋ ಅಲ್ಲೆಲ್ಲ ಹಂಚು ಬಾಯಿ ಬಿಟ್ಟಿದೆ ಅಂತ ಅರ್ಥ. ಆಮೇಲೆ ಹೊರಗೆ ಸೂರಿನ ಹಂಚು ಒಂದೆರಡು ಕೈಗೆ ತಗೊಂಡು ಬೆರಳ ಗೆಣ್ಣಿಂದ ಕುಟ್ಟಿ ನೋಡಿದ್ರು. ಗಟ್ಟಿ ಹಂಚು ಟಣ್ ಅಂತದೆ, ಕಣ್ಣಿಗೆ ಕಾಣದ ಬಿರುಕು ಇದ್ರೂ ಸಾಕು, ಡಬ್ ಅಂತದೆ. ನಂಗೂ ಕೊಟ್ಟು ಕುಟ್ಟಿಸಿದ್ರು. ಈಗ ನಾನು ಹಂಚು ತಗೊಳ್ಳೋಕೆ ಹೋದ್ರೆ ಒಂದೊಂದೂ ಕುಟ್ಟಿಯೇ ತರ್ತೇನೆ.

ಮಾಡಿನ ಇಳಿಜಾರಿಗೆ ಹಾಕೋ ಮರದ ತೊಲೆಗೆ ಪಕಾಸಿ ಅಂತೇವೆ, ಅದರ ಮೇಲೆ ಅಡ್ಡಕ್ಕೆ ಹೊಡೆದು ಹಂಚು ಕೂರಿಸೋ ಪಟ್ಟಿಗೆ ರೀಪು. ಅಷ್ಟೆಲ್ಲ ನೋಡಿ ಅವರು ಹೇಳಿದ್ದು ಇದು: "ಹಂಚಿಂದು ತಪ್ಪಲ್ಲ. ಪಕಾಸಿ ಬಗ್ಗಿದೆ. ಪಕಾಸಿ ಬಗ್ಗಿದ್ಮೇಲೆ ರೀಪು ಇಳೀತದೆ, ರೀಪು ಇಳಿದ್ರೆ ಹಂಚು ಹಲ್ಲು ಬಿಡ್ತದೆ. ನಾನು ಈಗ ಹಂಚು ಕೈಯಾಡಿಸಿ ದುಡ್ಡು ತಕಂಡು ಹೋಗ್ಬಹುದು, ಆಷಾಢದಲ್ಲಿ ನೀವು ಬಾಲ್ದಿ ಇಟ್ಕಂಡು ನನ್ನ ನೆನೀಬೇಕಾಗ್ತದೆ. ಮೊದ್ಲು ಆಚಾರ್ರು ನೋಡ್ಲಿ." ಬೆಲ್ಲ ನೀರು ಕುಡಿದ್ರು, ಬಸ್ ಚಾರ್ಜಿಗೆ ಕೂಡ ದುಡ್ಡು ಮುಟ್ಲಿಲ್ಲ, ಆಚಾರ್ರಿಗೆ ನಮ್ಮ ಅಂಗಳದಲ್ಲೇ ನಿಂತು ಫೋನ್ ಮಾಡಿದ್ರು. ನನಗೆ ಇವರ ಮೇಲೆ ನಂಬಿಕೆ ಬಂದಿದ್ದು ಕೆಲಸ ಮಾಡಿದ ಮೇಲಲ್ಲ, ಈ ಕೆಲಸ ಈಗ ನಾನು ಮಾಡೋದಲ್ಲ ಅಂತ ಹೇಳಿದ ಗಳಿಗೆಯಲ್ಲೇ.

ಆಚಾರ್ರ ಕೆಲಸ ನೋಡೋಕೆ ಚಂದ. ಒಂದೊಂದೇ ಪಕಾಸಿಗೂ ಉಳಿ ಚುಚ್ಚಿ ನೋಡಿದ್ರು, ಉಳಿ ಮೆತ್ತಗೆ ಒಳಗೆ ಹೋದ್ರೆ ಒರಲೆ (ಗೆದ್ದಲು) ತಿಂದಿದೆ, ತಡೆದು ನಿಂತ್ರೆ ಒಳಗೆ ಕೆಚ್ಚು ಗಟ್ಟಿ ಇದೆ. 34ರಲ್ಲಿ 11 ಮಾತ್ರ ಹೋಗಿತ್ತು. ಎಲ್ಲಾ ಕಿತ್ತು ಹಾಕಿ ಹೊಸ ಮರ ಹಾಕ್ಸಿ ಅನ್ಬಹುದಿತ್ತು, ಇಲ್ಲಾ ಕಬ್ಬಿಣದ ಪೈಪ್ ಹಾಕ್ಸಿ ಅನ್ಬಹುದಿತ್ತು, ಸುಮಾರು ಜನ ಈಗ ಹಂಗೇ ಮಾಡಿಸ್ತಾರೆ. ಅವರು ಕೇಳಿದ್ದು ಒಂದೇ, "ಸಮುದ್ರ ಎಷ್ಟು ದೂರ ಅಕ್ಕೋರೆ?" ನಮ್ಮನೆಗೆ ಸಮುದ್ರದ ಸದ್ದು ಕೇಳ್ತದೆ. ಉಪ್ಪು ಗಾಳಿಗೆ ಕಬ್ಬಿಣ ಬಣ್ಣ ಹೊಡೀತಾ ಇದ್ರೆ ಮಾತ್ರ ಉಳೀತದೆ, ನೀವು ವರ್ಷ ವರ್ಷ ಹೊಡಿಸ್ತೀರಾ ಅಂತ ಕೇಳಿ, ಹಳೆ ಮನೆ ಕೆಡವಿದಲ್ಲಿ ಸಿಕ್ಕ ಮತ್ತಿ ಮರದ ತುಂಡುಗಳನ್ನ ತಂದು 11 ಪಕಾಸಿ ಕೊಯ್ದು ಕೂರ್ಸಿದ್ರು. ಕೂರ್ಸೋ ಮೊದ್ಲು ಗೇರೆಣ್ಣೆ ಹಚ್ಚಿದ್ದು. ಗೇರುಬೀಜದ ಸಿಪ್ಪೆಯಿಂದ ತೆಗೆಯೋ ಕಪ್ಪೆಣ್ಣೆ ಅದು, ಒರಲೆ ಹತ್ರ ಬರೋದಿಲ್ಲ, ಕೈಗೆ ತಾಗಿದ್ರೆ ಬೊಕ್ಕೆ ಏಳ್ತದೆ. ಹಂಗಾಗಿ ಮೊಣಕೈವರೆಗೂ ತೆಂಗಿನೆಣ್ಣೆ ಸವರಿಕೊಂಡು, ಕೋಲಿಗೆ ಬಟ್ಟೆ ಸುತ್ತಿ ಹಚ್ತಿದ್ರು. ಮನೆ ತುಂಬ ಹದಿನೈದು ದಿನ ಆ ವಾಸನೆ.

ರೀಪಿನ ಅಂತರಕ್ಕೆ ಟೇಪ್ ಹಿಡೀಲಿಲ್ಲ, ನಮ್ಮದೇ ಹಂಚು ತಂದು ಮೇಲೆ ಇಟ್ಟು ಗುರುತು ಹಾಕಿದ್ರು. ಸಾಧಾರಣ ಹನ್ನೆರಡೂವರೆ ಇಂಚಿನ ಹತ್ರ ಬರ್ತದೆ, ಆದ್ರೆ ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚು ಬೇರೆ ಬೇರೆ, ಕಾಲಿಂಚು ಹೆಚ್ಚು ಕಮ್ಮಿ ಆದ್ರೂ ಹಂಚಿನ ಕೊಕ್ಕೆ ರೀಪಿಗೆ ಸರಿ ಕೂರೋದಿಲ್ಲ. ಇದನ್ನ ಅವರು ಮೇಸ್ತ್ರಿಗೆ ಫೋನ್ ಮಾಡಿ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು. ಆಚಾರಿ ರೀಪು ಹೊಡೆಯೋವಾಗ ಹಂಚಿನವ್ರನ್ನ ಕೇಳೋದು ನಾನು ಮೊದಲ ಸಲ ನೋಡಿದ್ದು.

ಹಂಚು ಇಳ್ಸೋ ದಿನ ನಮ್ಮ ಭಾವನ ಮಗ ಒಂದು ಹಂಚು ತಿರುಗಿಸಿ, "ದೊಡ್ಡಮ್ಮ, ಇದ್ರಲ್ಲಿ 1865 ಅಂತಿದೆ, ನಮ್ಮನೆ ಅಷ್ಟು ಹಳೇದಾ?" ಅಂತ ಓಡಿ ಬಂದ. ಅದು ಮಂಗಳೂರಲ್ಲಿ ಬಾಸೆಲ್ ಮಿಷನ್ನವ್ರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಹಂಚಿನ ಮೇಲೆ ಅದನ್ನೇ ಅಚ್ಚು ಹಾಕ್ತಿದ್ರು. ನಮ್ಮ ಮನೆ ಅಷ್ಟು ಹಳೇದಲ್ಲ, ಯಾವುದೋ ಹಳೆ ಕಟ್ಟಡದಿಂದ ಬಂದ ಹಂಚು ಅವು. ಕುಟ್ಟಿದ್ರೆ ಇವತ್ತಿಗೂ ಗಂಟೆ ಹೊಡೆದಂಗೆ ಸದ್ದು. ಮೇಸ್ತ್ರಿ ಅಂಥವನ್ನೆಲ್ಲ ಬೇರೆ ಮಾಡಿ, ಮಳೆ ಜಾಸ್ತಿ ಹೊಡೆಯೋ ಪಡುವಣ ಬದಿಗೆ ಹಾಕಿದ್ರು. ಹೊಸ ಹಂಚೆಲ್ಲ ಹಿಂದುಗಡೆ ಕೊಟ್ಟಿಗೆ ಬದಿಗೆ. ಒಂದೇ ಸಾಲಲ್ಲಿ ಎರಡು ಅಚ್ಚು ಬೆರೆಸ್ಲೇ ಇಲ್ಲ. ನೂರು ಚದರಡಿಗೆ 140, 150 ಹಂಚು ಬೇಕಾಗ್ತದೆ ಅಂತ ಲೆಕ್ಕ ಹೇಳಿ ತರ್ಸಿದ್ರು, ಕೊನೆಗೆ ಉಳಿದ 60 ಹಂಚನ್ನ ಅಂಗಡಿಗೆ ವಾಪಸ್ ಕೊಡ್ಸಿ ಚೀಟಿ ತಂದು ನನ್ನ ಕೈಗೆ ಕೊಟ್ರು.

ಕರೆಂಟಿನವ್ರು ಸಿಕ್ಕಿದ್ದೂ ಮೇಸ್ತ್ರಿಯಿಂದಲೇ. ಕಂಬದಿಂದ ಮನೆಗೆ ಬರೋ ವಯರ್ ಸೂರಿನ ಹತ್ರ ಹಂಚಿಗೆ ತಾಗ್ತಿತ್ತು, ಅದನ್ನ ಸರಿ ಮಾಡೋವರೆಗೂ ಆ ಬದಿ ನಮ್ಮ ಹುಡುಗ್ರು ಹತ್ತೋದಿಲ್ಲ ಅಂದ್ರು. ಲೈಸೆನ್ಸ್ ಇರೋ ಒಬ್ಬರನ್ನ ಅವರೇ ಕರೆಸಿದ್ರು. ಹೆಸ್ಕಾಂ ಲೈನ್ ಆಫ್ ಮಾಡ್ಸಿ, ವಯರ್ ಎತ್ತರಿಸಿ, ಹೋಗೋವಾಗ ಸುಮ್ನೆ ಬೋರ್ಡ್ ಬಿಚ್ಚಿ ನೋಡಿದವ್ರು ಅಲ್ಲೇ ಕೂತ್ಬಿಟ್ರು. ಮಳೆಗಾಲದಲ್ಲಿ ಪದೇ ಪದೇ ಟ್ರಿಪ್ ಆಗ್ತದೆ ಅಂತ ಹಿಂದೆ ಯಾರೋ ಆ ಟ್ರಿಪ್ ಸ್ವಿಚ್ಚನ್ನೇ ತಪ್ಪಿಸಿ ಡೈರೆಕ್ಟ್ ಕೊಟ್ಟಿದ್ರು. ಅರ್ಥಿಂಗ್ ವಯರ್ ಹಿತ್ತಲಲ್ಲಿ ತುಕ್ಕು ಹಿಡಿದು ತುಂಡಾಗಿತ್ತು. ಅಂದ್ರೆ ಬಚ್ಚಲಲ್ಲಿ ಒದ್ದೆ ಕೈಯಲ್ಲಿ ಗೀಸರ್ ಸ್ವಿಚ್ ಹಾಕ್ತಿದ್ದ ಅಷ್ಟೂ ವರ್ಷ ನಮಗೆ ಕಾವಲು ಅನ್ನೋದೇ ಇರ್ಲಿಲ್ಲ. ಅದನ್ನ ಕೇಳಿ ನನ್ನ ಕೈಕಾಲು ತಣ್ಣಗಾಯ್ತು. 30 ಮಿಲಿಆಂಪ್ ಲೀಕ್ ಆದ್ರೆ ಸಾಕು ಕ್ಷಣದಲ್ಲಿ ಕಡಿದು ಹಾಕೋ ಆರ್‌ಸಿಸಿಬಿ ಹಾಕಿದ್ರು, ಹೊಸ ಅರ್ಥ್ ಗುಂಡಿ ಮಾಡಿದ್ರು, ಟ್ರಿಪ್ ಆಗೋಕೆ ಕಾರಣ ಹುಡುಕಿದ್ರೆ ಬಾವಿ ಪಂಪಿನ ಸ್ವಿಚ್ ಬಾಕ್ಸ್ ಒಳಗೆ ನೀರು. ಬಾಕ್ಸ್ ಬದಲಾಯಿಸಿದ ಮೇಲೆ ಸುಮ್‌ಸುಮ್ನೆ ಟ್ರಿಪ್ ಆಗೋದು ನಿಂತಿತು. ಬೋರ್ಡಿನ ಬಾಗಿಲ ಒಳಬದಿಗೆ ಯಾವ ಸ್ವಿಚ್ ಯಾವ ಕೋಣೆದು ಅಂತ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ ಹೋದ್ರು, ನಮ್ಮತ್ತೆಗೆ ಓದೋಕೆ ಬರ್ಲಿ ಅಂತ. ಇವ್ರಿಗೆ ಐದಕ್ಕೆ ಐದು, ಬೇರೆ ಮಾತೇ ಇಲ್ಲ.

ಪ್ಲಂಬರ್ ಅಂಕೋಲೆ ಕಡೆಯ ಹುಡುಗ, ಕರೆಂಟಿನವ್ರ ಪರಿಚಯ. ಗೋಡೆ ಒಳಗೆ ಪೈಪ್ ಹಾಕಿದ ಮೇಲೆ ಒಂದು ರಾತ್ರಿ ಪೂರ್ತಿ ನೀರು ತುಂಬಿ ಇಟ್ಟು, ಬೆಳಗ್ಗೆ ಬಂದು ಒಂದೊಂದು ಜಾಯಿಂಟಿಗೂ ಒಣ ಕಾಗದ ಒತ್ತಿ ನೋಡಿಯೇ ಪ್ಲಾಸ್ಟರಿಗೆ ಹೂಂ ಅಂದ. ಆದ್ರೆ ಅವನ ಬಗ್ಗೆ ನಂಗೆ ಹೇಳೋದಿರೋದು 2024ರ ಜುಲೈದು. ಜುಲೈ 16ಕ್ಕೆ ಅಂಕೋಲೆ ಹತ್ರದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯ್ತಲ್ಲ, ಎಷ್ಟು ಜೀವ ಹೋಯ್ತು, ಆ ದಿನಗಳನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ತೊಳಸ್ತದೆ. ಆ ವಾರವೇ ನಮ್ಮ ಪಂಪ್ ಕೈಕೊಟ್ಟಿತು. ಅಂಕೋಲೆಯಿಂದ ಕುಮಟೆಗೆ ಬರೋಕೆ ರಸ್ತೆ ಇಲ್ಲ. ಅವನ ಮನೆ ಕಡೆನೂ ಎಲ್ಲಾ ಗಾಬರಿಯಲ್ಲಿದ್ರು, ನಾನು ಫೋನ್ ಮಾಡೋಕೇ ಹಿಂದೆಮುಂದೆ ನೋಡ್ದೆ. ಎರಡನೇ ದಿನ ನೀರು ಸೇದಿ ಸೇದಿ ಸಾಕಾಗಿ ಫೋನ್ ಮಾಡಿದ್ದಕ್ಕೆ, "ಅಕ್ಕಾ, ಮೊದ್ಲೇ ಹೇಳೋದಲ್ವ, ಮಿರ್ಜಾನಲ್ಲಿ ನನ್ನ ಜೊತೆ ಕೆಲಸ ಕಲಿತವ ಒಬ್ಬ ಇದಾನೆ" ಅಂದ. ಮಧ್ಯಾಹ್ನದೊಳಗೆ ಆ ಹುಡುಗ ಮಳೆಯಲ್ಲಿ ನೆನೀತಾ ಬಂದ, ಬಾವಿಯೊಳಗಿನ ಪೈಪಿನ ತುದಿಯ ಫುಟ್ ವಾಲ್ವಿಗೆ ಕಸ ಸಿಕ್ಕಿದ್ದು ತೆಗೆದ, ಇಬ್ಬರೂ ಫೋನಲ್ಲಿ ಮಾತಾಡಿ 350 ರೂಪಾಯಿ ಅಂದ್ರು. ಅಂಥ ಹೊತ್ತಲ್ಲಿ ಎಷ್ಟು ಕೇಳಿದ್ರೂ ನಾನು ಕೊಡ್ತಿದ್ದೆ, ಅದು ಅವರಿಗೂ ಗೊತ್ತಿತ್ತು.

ಈಗ ಆ ಅರ್ಧ ಮಾರ್ಕಿನ ವಿಷ್ಯ. ಪೇಂಟರನ್ನ ಮಾತ್ರ ನಾನೇ ಹುಡುಕಿದ್ದು, ದೀಪಾವಳಿ ಒಳಗೆ ಮುಗೀಬೇಕು ಅಂತ ಅವಸರ ಇತ್ತು. ಮೇಸ್ತ್ರಿಯನ್ನ ಕೇಳಿದಾಗ "ಅವ್ರ ಕೆಲಸ ನಾ ನೋಡ್ಲಿಲ್ಲ" ಅಂದಿದ್ರು. ಬೇಡ ಅನ್ಲಿಲ್ಲ, ಹೂಂ ಅಂತಲೂ ಅನ್ಲಿಲ್ಲ, ಆ ಮಾತಿನ ಅರ್ಥ ನಾನು ಆಗ ಹಿಡೀಬೇಕಿತ್ತು. ಚಿರೆಕಲ್ಲಿನ ಗೋಡೆ ನಮ್ಮದು, ಇಡೀ ಮಳೆಗಾಲ ಕುಡಿದ ನೀರು ಬಿಡೋಕೆ ಅದಕ್ಕೆ ಎರಡು ಮೂರು ತಿಂಗಳ ಬಿಸಿಲು ಬೇಕು. ಅಕ್ಟೋಬರಲ್ಲೇ ಪುಟ್ಟಿ ಬಳಿದ್ರು. ಜನವರಿ ಹೊತ್ತಿಗೆ ಎರಡು ಕಡೆ ದೋಸೆ ಎದ್ದಂಗೆ ಎದ್ದು ಉದುರಿತು. ಮೂರು ಸಲ ಫೋನ್ ಮಾಡಿದ ಮೇಲೆ ಬಂದು ದುಡ್ಡಿಲ್ಲದೆ ಸರಿ ಮಾಡಿ ಹೋದ್ರು, ಆದ್ರೆ ಬಣ್ಣ ಹೊಂದೋದಿಲ್ಲ, ಬೆಳಕಿಗೆ ತೇಪೆ ಕಾಣ್ತದೆ. ಆಚಾರ್ರ ಮೇಲೂ ಒಂದು ದೂರಿದೆ, ಒಟ್ಟಿಗೆ ಎರಡು ಮನೆ ಕೆಲಸ ಹಿಡೀತಾರೆ. ನಮ್ಮ ಪಕಾಸಿ ಅರ್ಧ ಇಳಿಸಿ ಐದು ದಿನ ಬರ್ಲಿಲ್ಲ, ಮೇ ಮಧ್ಯ, ಮೋಡ ಕಟ್ತಾ ಇತ್ತು, ನಂಗೆ ನಿದ್ದೆ ಇಲ್ಲ. ಮಿರ್ಗ (ಮೃಗಶಿರಾ ಮಳೆ) ಹಿಡಿಯೋ ಎಂಟು ದಿನ ಮೊದ್ಲು ಮುಗಿಸಿಕೊಟ್ರು.

ದುಡ್ಡಿನ ವಿಷ್ಯದಲ್ಲಿ ನಾವು ನಡ್ಕೊಂಡಿದ್ದು ಹೇಳ್ತೇನೆ. ಮೇಸ್ತ್ರಿಗೆ ದಿನಕ್ಕೆ 1,000, ಕೈಯಾಳಿಗೆ 700, ಆಯಾ ದಿನ ಸಂಜೆನೇ, ನಾಳೆ ಒಟ್ಟಿಗೆ ಕೊಡ್ತೇನೆ ಅಂತ ಒಂದು ದಿನವೂ ಹೇಳ್ಲಿಲ್ಲ. ಸಾಮಾನಿಗೆ ಅಡ್ವಾನ್ಸ್ ಕೈಯಲ್ಲಿ ಕೊಡೋದಿಲ್ಲ, ಅಂಗಡಿಗೆ ನಾನೇ ಕಟ್ತೇನೆ, ಬಿಲ್ ನನ್ನ ಹೆಸರಲ್ಲಿ. ಹತ್ತು ಗಂಟೆಗೆ ಚಾ ಅವಲಕ್ಕಿ, ಮಧ್ಯಾಹ್ನ ಊಟ ನಮ್ಮಲ್ಲೇ. ಮೇ ತಿಂಗಳಲ್ಲಿ ಫೋನ್ ಮಾಡಿದ್ರೆ ಯಾರೂ ಸಿಗೋದಿಲ್ಲ, ಆಗ ಊರಿಗೆ ಊರೇ ಅವರನ್ನ ಕರೀತಾ ಇರ್ತದೆ, ನಾನು ಶಿವರಾತ್ರಿ ಹೊತ್ತಿಗೇ ಹೇಳಿ ಇಡ್ತೇನೆ. ಬಂಡಿ ಹಬ್ಬ, ಚೌತಿ ವಾರದಲ್ಲಿ ಕೆಲಸ ಕೇಳೋದೇ ಇಲ್ಲ. ಅವರ ನಂಬರ್ ಈಗ ಮೂರು ಮನೆಯವ್ರಿಗೆ ಕೊಟ್ಟಿದೇನೆ, ಮೂರು ಸಲವೂ ಮೊದ್ಲು ಅವರನ್ನ ಕೇಳಿ. ಒಂದು ಮನೆಯವ್ರು ಕೂಲಿ ಚೌಕಾಸಿ ಮಾಡಿದ್ರಂತೆ, ಮೇಸ್ತ್ರಿ ನಂಗೆ ಹೇಳ್ಲಿಲ್ಲ, ಆಚಾರ್ರಿಂದ ಗೊತ್ತಾಯ್ತು. ಯಾರಿಗೆ ಅವರ ನಂಬರ್ ಕೊಡ್ತೇನೋ ಅವರ ನಡವಳಿಕೆಗೆ ನಾನೂ ಜವಾಬ್ದಾರಿ ಅಂತ ನಂಗೆ ಅವತ್ತು ಅನ್ಸ್ತು, ಈಗ ನೋಡಿ ಕೊಡ್ತೇನೆ.

2023, 2024, 2025, ಮೂರು ಮಳೆಗಾಲ ಆಯ್ತು, ನಡುಮನೆಯಲ್ಲಿ ಒಂದು ಹನಿ ಬಿದ್ದಿಲ್ಲ. ದೇವರ ಕೋಣೆ ಮೂಲೆಯಲ್ಲಿ ಮಾತ್ರ ಗಾಳಿ ಮಳೆ ಒಟ್ಟಿಗೆ ಹೊಡೆದ್ರೆ ಸ್ವಲ್ಪ ತಂಪು ಏಳ್ತದೆ, ಅಲ್ಲಿ ಮಾಡಿನ ನೆತ್ತಿಯ ಕೋಡು ಹಂಚು ಎತ್ತಿ ಮತ್ತೆ ಕೂರಿಸ್ಬೇಕು. ಮೇಸ್ತ್ರಿಗೆ ಮಂಡಿ ನೋವು ಜಾಸ್ತಿ ಆಗಿದೆ, ಮಾಡಿನ ಮೇಲೆ ಮಗ ಹತ್ತೋದು, ಇವರು ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಕೆಳಗಿಂದ ಹೇಳೋದು. ಮೊನ್ನೆ ಅವರೇ ಫೋನ್ ಮಾಡಿದ್ರು, "ಅಕ್ಕೋರೆ, ಬಂಡಿ ಹಬ್ಬ ಮುಗಿದ ಮಾರನೇ ವಾರ ಬರ್ತೇವೆ, ಹಂಚು ಕುಟ್ಟಿ ನೋಡಿ ಬಾವಿಕಟ್ಟೆ ಹತ್ರ ಇಟ್ಟಿರಿ." ಮೂವತ್ತು ತಂದಿದ್ದೆ, ನಾಲ್ಕು ಡಬ್ ಅಂದಿತು, ಅವನ್ನ ಬದಲಾಯಿಸಿ ತಂದು ಅಲ್ಲೇ ಜೋಡಿಸಿ ಇಟ್ಟಿದೇನೆ.